ಕಮಲಾಪುರದ ಅಮಾವಾಸ್ಯೆಯ ಆಕಾಶ

ಎಳ್ಳ ಅಮಾವಾಸ್ಯೆಯ ದಿನ ಕಲಬುರಗಿಯನ್ನು ನೋಡಲು ಬಂದವನಿಗೆ ಊರು ಸಿಕ್ಕುವುದಿಲ್ಲ; ಊರು ಹೊಲಕ್ಕೆ ಹೋಗಿರುತ್ತದೆ. ಮಾರ್ಗಶಿರ ಮಾಸದ ಈ ಕೊನೆಯ ದಿನ ಹೊತ್ತೇರುವುದರೊಳಗೆ ಪೇಟೆಯ ಗದ್ದಲ ಅಡಗುತ್ತದೆ. ಹಿಂದಿನ ಇರುಳೆಲ್ಲ ಒಲೆಯ ಮುಂದೆ ಕುಳಿತು ಹೆಂಗಳೆಯರು ಸಿದ್ಧಪಡಿಸಿದ ಸಜ್ಜೆಯ ರೊಟ್ಟಿ, ಭಜ್ಜಿ, ಎಣ್ಣೆಗಾಯಿ, ಶೇಂಗಾ ಹೋಳಿಗೆ, ಅಂಬಲಿಗಳು ಬುತ್ತಿಯಲ್ಲಿ ತುಂಬಿ ಹೊರಡುತ್ತವೆ. ಒಂದು ಕಾಲಕ್ಕೆ ಸಿಂಗರಿಸಿದ ಎತ್ತುಗಳ ಬಂಡಿಯೇ ಇದಕ್ಕೆ ವಾಹನ. ಇಂದು ಟ್ರ್ಯಾಕ್ಟರು, ಆಟೋ, ಕಾರುಗಳು ಆ ಸ್ಥಾನವನ್ನು ತುಂಬಿವೆ; ಆದರೆ ಉತ್ಸಾಹ ಮಾತ್ರ ಬದಲಾಗಿಲ್ಲ. ಸ್ವಂತ ಹೊಲವಿಲ್ಲದ ಪಟ್ಟಣಿಗರನ್ನು ಹೊಲವುಳ್ಳ ಗೆಳೆಯರು ಕರೆಯುವರು. ಪೂಜೆ ಮುಗಿಸಿ, ನಿಂತ ಬೆಳೆಯ ನಡುವೆ ಚರಗ ಚೆಲ್ಲಿ, ಭೂಮಿತಾಯಿಗೆ ಮೊದಲು ಬಡಿಸಿ, ಆಮೇಲೆ ತಾವು ಉಣ್ಣುವುದು ಈ ನಾಡಿನ ಪದ್ಧತಿ.

ಉಂಡವರಲ್ಲಿ ಬಹುಮಂದಿ ಸಂಜೆಯಾಗುವ ಮೊದಲೇ ಊರಿಗೆ ಮರಳುವರು. ಆದರೆ ಕತ್ತಲಾಗುವವರೆಗೆ ಹೊಲದಲ್ಲಿಯೇ ಉಳಿದವರಿಗೆ ಮತ್ತೊಂದು ಔತಣ ಕಾದಿರುತ್ತದೆ. ಅದು ಅಮಾವಾಸ್ಯೆ, ಚಂದ್ರನಿಲ್ಲ. ಮಳೆಗಾಲ ಕಳೆದು ತಿಂಗಳುಗಳಾಗಿರುವುದರಿಂದ ಮೋಡವೂ ಸಾಮಾನ್ಯವಾಗಿ ಇರುವುದಿಲ್ಲ. ಇಡೀ ವರ್ಷದಲ್ಲಿ ಪಟ್ಟಣದ ಕುಟುಂಬಗಳು ತಾವಾಗಿಯೇ ಹೊಲಕ್ಕೆ ನಡೆಯುವ ಈ ಒಂದು ದಿನವೇ ನಕ್ಷತ್ರ ನೋಡುವುದಕ್ಕೂ ಪ್ರಶಸ್ತವಾದ ದಿನವಾಗಿರುವುದು ಒಂದು ಯೋಗಾಯೋಗವೆಂದೇ ಹೇಳಬೇಕು.

ಕಟ್ಟದೆ ಉಳಿದ ವೀಕ್ಷಣಾಲಯ

ಆಕಾಶವನ್ನು ಅಳೆಯುವ ಆಸೆ ಕಲಬುರಗಿಗೆ ಹೊಸದಲ್ಲ. ನಗರದ ಪೂರ್ವ ಭಾಗದಲ್ಲಿರುವ ಹಫ್ತ ಗುಂಬಜಿನ ಸಮಾಧಿಗಳನ್ನು ನೋಡಲು ಹೋದವರು ಅವುಗಳಲ್ಲೆಲ್ಲ ದೊಡ್ಡದಾದ ಒಂದು ಜೋಡಿ ಗುಮ್ಮಟದ ಮುಂದೆ ತಾವಾಗಿಯೇ ನಿಲ್ಲುವರು. ಅಲ್ಲಿ ಮಲಗಿರುವವನು 1397ರಿಂದ 1422ರವರೆಗೆ ಆಳಿದ ಫಿರೋಜ್ ಶಹಾ ಬಹಮನಿ. ಯುದ್ಧ, ವೈಭವಗಳ ಜೊತೆಗೆ ಈ ಸುಲ್ತಾನನಿಗೆ ವಿದ್ಯೆಯ ಹಂಬಲವೂ ಇತ್ತು. ರೇಖಾಗಣಿತ, ತರ್ಕ ಮೊದಲಾದ ವಿಷಯಗಳನ್ನು ಅವನು ತಾನೇ ಪಾಠ ಹೇಳುತ್ತಿದ್ದನೆಂದು ಇತಿಹಾಸಕಾರ ಫರಿಷ್ತಾ ಬರೆದಿದ್ದಾನೆ.

ಅದೇ ಫರಿಷ್ತಾ ಇನ್ನೊಂದು ಸಂಗತಿಯನ್ನೂ ದಾಖಲಿಸಿದ್ದಾನೆ. 1407ರ ಸುಮಾರಿಗೆ ದೌಲತಾಬಾದಿನ ಬಳಿಯ ಘಟ್ಟದ ಮೇಲೆ ಒಂದು ವೀಕ್ಷಣಾಲಯವನ್ನು ಕಟ್ಟಿಸಲು ಫಿರೋಜನು ಅಪ್ಪಣೆ ಮಾಡಿದನು. ಅದರ ಹೊಣೆ ಹೊತ್ತ ವಿದ್ವಾಂಸರಲ್ಲಿ ಹಕೀಮ್ ಹಸನ್ ಗೀಲಾನಿ ಮುಖ್ಯನು. ಕೆಲಸ ನಡೆಯುತ್ತಿದ್ದಂತೆಯೇ ಅವನು ತೀರಿಕೊಂಡನು. ಅವನೊಡನೆ ಕಟ್ಟಡವೂ ನಿಂತುಹೋಯಿತು. ಸಮರಖಂದದಲ್ಲಿ ಉಲುಘ್ ಬೇಗನು ತನ್ನ ಪ್ರಸಿದ್ಧ ವೀಕ್ಷಣಾಲಯವನ್ನು ಕಟ್ಟಿಸುವುದಕ್ಕೂ ಮೊದಲಿನ ಮಾತಿದು. ಅರಸನಿದ್ದನು, ಹಣವಿದ್ದಿತು, ಘಟ್ಟವಿದ್ದಿತು, ನಿರ್ಮಲವಾದ ಆಕಾಶವಿದ್ದಿತು. ಒಬ್ಬ ಮನುಷ್ಯನ ನಂತರ ಅದನ್ನು ಮುಂದುವರಿಸುವವರು ಮಾತ್ರ ಇರಲಿಲ್ಲ.

ಫಿರೋಜನ ವಿದ್ವಾಂಸರು ಬಯಸಿದ್ದು ಕಣ್ಣಿಗೆ ಕಾಣುವ ಗ್ರಹ ನಕ್ಷತ್ರಗಳ ಸ್ಥಾನವನ್ನು ಗುರುತಿಸುವುದಕ್ಕೆ. ಅದೇ ದಖ್ಖನ್ ಪ್ರಸ್ಥಭೂಮಿಯ ಮೇಲೆ, ಸುಮಾರು ಆರುನೂರು ವರ್ಷಗಳ ಬಳಿಕ, ಕಣ್ಣಿಗೆ ಕಾಣದುದನ್ನು ಅಳೆಯುವ ವೀಕ್ಷಣಾಲಯವೊಂದು ಎದ್ದುನಿಂತಿದೆ. ಅದು ಅಳೆಯುವುದೇನನ್ನು, ಹೇಗೆ ಎಂಬುದನ್ನು ಅರಿಯಲು ಮೊದಲು ಕಮಲಾಪುರದ ದಾರಿ ಹಿಡಿಯುವುದು ಒಳ್ಳೆಯದು.

ಕರಿಮಣ್ಣು, ಕೆಮ್ಮಣ್ಣು

ಕಲಬುರಗಿಯಿಂದ ಈಶಾನ್ಯಕ್ಕೆ, ಹುಮನಾಬಾದಿಗೆ ಹೋಗುವ ಹೆದ್ದಾರಿಯಲ್ಲಿ ಸುಮಾರು 35 ಕಿಲೋಮೀಟರು ಸಾಗಿದರೆ ಕಮಲಾಪುರ. ಬೀದರ್–ಕಲಬುರಗಿ ರೈಲುಮಾರ್ಗ 2017ರಲ್ಲಿ ಪೂರ್ಣಗೊಂಡ ಮೇಲೆ ರೈಲಿನಲ್ಲಿಯೂ ಹೋಗಬಹುದು; ಆದರೆ ಈ ನೆಲದ ಗುಣವನ್ನು ಅರಿಯಬೇಕಾದರೆ ರಸ್ತೆಯೇ ಮೇಲು. ಊರ ಹೊರಗೆ ಬಂದೊಡನೆ ಇಕ್ಕೆಲಗಳಲ್ಲಿಯೂ ಎರೆಯ ಹೊಲಗಳು. ತೊಗರಿಯ ಕಣಜವೆಂದು ಹೆಸರಾದ ಜಿಲ್ಲೆ ಇದು. ಇಲ್ಲಿಯ ತೊಗರಿಬೇಳೆಗೆ 2019ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ದೊರೆಯಿತು. ಪುಷ್ಯದ ಹೊತ್ತಿಗೆ ತೊಗರಿ ಕಾಯಿ ಒಣಗಿ ಕೊಯ್ಲಿಗೆ ಬಂದಿರುತ್ತದೆ. ಬಿಳಿಜೋಳ ಎದೆಯುದ್ದ ಬೆಳೆದು ಗಾಳಿಗೆ ತೂಗುತ್ತಿರುತ್ತದೆ. ಮಹಾಗಾಂವ ದಾಟಿ ಮುಂದೆ ಹೋದಂತೆ ನೆಲ ಏರುತಗ್ಗಾಗುತ್ತದೆ. ಅಲ್ಲಲ್ಲಿ ಕಪ್ಪಿನ ನಡುವೆ ಕೆಂಪು ಇಣುಕುತ್ತದೆ. ಕಮಲಾಪುರದ ಆಸುಪಾಸಿಗೆ ಬರುವಷ್ಟರಲ್ಲಿ ಕೆಮ್ಮಣ್ಣಿನದೇ ರಾಜ್ಯ.

ಈ ಕೆಮ್ಮಣ್ಣಿನ ಕೊಡುಗೆಯೇ ಕಮಲಾಪುರದ ಕೆಂಪು ಬಾಳೆ. ದಪ್ಪ ಸಿಪ್ಪೆಯ, ಕುಂಕುಮ ಬೆರೆಸಿದ ಬಣ್ಣದ, ಕೆನೆಯಂಥ ತಿರುಳಿನ ಈ ಹಣ್ಣು ಭೌಗೋಳಿಕ ಗುರುತನ್ನು ಪಡೆದ ಕರ್ನಾಟಕದ ಹಣ್ಣುಗಳಲ್ಲಿ ಒಂದು. ಬೇರೆ ಬಾಳೆಗಳು ವರ್ಷದೊಳಗೆ ಗೊನೆ ಬಿಟ್ಟರೆ ಇದಕ್ಕೆ ಸುಮಾರು ಒಂದೂವರೆ ವರ್ಷ ಬೇಕು. ಅಷ್ಟು ಕಾಲವೂ ಗೊಬ್ಬರ ಬೇಕು. ಎಲ್ಲಕ್ಕಿಂತ ಮಿಗಿಲಾಗಿ ನೀರು ಬೇಕು. ಬಾಳೆಯ ತೋಟವನ್ನು ನೋಡಿ ಬೆರಗಾದ ಪಟ್ಟಣದ ಹುಡುಗನೊಬ್ಬನು ಇಂಥ ಹಬ್ಬದ ದಿನ ತೋಟದ ಮುದುಕನನ್ನು ಕೇಳುವುದುಂಟು:

“ಕಾಕಾ, ಈ ಸಲ ಬಾಳಿ ಭಾಳ ಚಲೋ ಬಂದದಲ್ರೀ?”

ಅದಕ್ಕೆ ಬರುವ ಉತ್ತರ ಇದು:

“ಬಂದದ ತಮ್ಮಾ. ಆದ್ರ ಗಿಡ ನೋಡಿ ಮೋಸ ಹೋಗಬ್ಯಾಡ, ಬಾವ್ಯಾಗ ಇಣುಕಿ ನೋಡು. ಮುಂದಿನ ವರ್ಷದ ಬಾಳಿ ಅಲ್ಲಿ ಅದ.”

ನೆಟ್ಟ ಬೆಳೆ ಹೇಳುವುದು ಕಳೆದ ಕಾಲದ ಕಥೆ; ಬಾವಿಯ ನೀರು ಹೇಳುವುದು ಬರಲಿರುವ ಕಾಲದ ಕಥೆ. ಕಮಲಾಪುರದ ರೈತನು ತನ್ನ ತೋಟದ ವಿಷಯದಲ್ಲಿ ಕಂಡುಕೊಂಡ ಈ ನಿಯಮವನ್ನೇ ಖಗೋಳ ವಿಜ್ಞಾನಿಗಳು ನಕ್ಷತ್ರಲೋಕಗಳ ವಿಷಯದಲ್ಲಿಯೂ ಕಂಡುಕೊಂಡಿದ್ದಾರೆ.

ಇರುಳಿನ ಮೊದಲ ಜಾವ

ಡಿಸೆಂಬರ್ ಕೊನೆಯ ದಿನಗಳಲ್ಲಿ ಆರು ಗಂಟೆಯ ಸುಮಾರಿಗೆ ಸೂರ್ಯಾಸ್ತ. ಏಳೂವರೆಯ ವೇಳೆಗೆ ಕತ್ತಲೆ ಪೂರ್ತಿಯಾಗಿ ಇಳಿದಿರುತ್ತದೆ. ನೈರುತ್ಯ ದಿಗಂತದಲ್ಲಿ ಮಾತ್ರ ಮಂಕಾದ ಹೊಂಬಣ್ಣವೊಂದು ಆರದೆ ಉಳಿದಿರುತ್ತದೆ. ಅದು ಸಂಜೆಯ ಬೆಳಕಲ್ಲ, ಕಲಬುರಗಿಯ ದೀಪಗಳ ಬೆಳಕು. ಅದಕ್ಕೆ ಬೆನ್ನು ಮಾಡಿ ನಿಂತು ತಲೆಯೆತ್ತಿದರೆ ಪೂರ್ವಾಭಾದ್ರ, ಉತ್ತರಾಭಾದ್ರ ನಕ್ಷತ್ರಗಳು ಸೇರಿ ಮಾಡಿದ ದೊಡ್ಡ ಚೌಕ ನೆತ್ತಿಯಿಂದ ಪಶ್ಚಿಮಕ್ಕೆ ವಾಲಿರುವುದು ಕಾಣುತ್ತದೆ. ಆ ಚೌಕದ ಒಂದು ಮೂಲೆಯಿಂದ ಈಶಾನ್ಯದತ್ತ ಹೊರಟ ನಕ್ಷತ್ರಗಳ ಸಾಲನ್ನು ಹಿಡಿದು ಹೋಗಿ, ಎರಡನೆಯ ನಕ್ಷತ್ರದ ಬಳಿ ಉತ್ತರಕ್ಕೆ ತಿರುಗಿದರೆ, ಬೆರಳಿನಿಂದ ಒರಸಿದಂಥ ಒಂದು ಮಸುಕು ಚುಕ್ಕೆ ಸಿಕ್ಕುತ್ತದೆ. ಅದೇ ಆಂಡ್ರೊಮೀಡಾ ಗೆಲಕ್ಸಿ.

ಗೆಲಕ್ಸಿಯೆಂದರೆ ಸಾವಿರಾರು ಕೋಟಿ ನಕ್ಷತ್ರಗಳು ಒಂದಾಗಿ ನೆಲೆನಿಂತ ಲೋಕ. ನಮ್ಮ ಸೂರ್ಯನಿರುವ ಗೆಲಕ್ಸಿಯನ್ನು ಒಳಗಿನಿಂದ ನೋಡಿದಾಗ ಕಾಣುವ ನೋಟಕ್ಕೆ ಆಕಾಶಗಂಗೆಯೆಂದು ಹೆಸರು. ಆಂಡ್ರೊಮೀಡಾ ಅಂಥ ಇನ್ನೊಂದು ಲೋಕ, ನಮ್ಮದಕ್ಕೆ ನೆರೆಯ ಲೋಕ. ನೆರೆಯೆಂದರೂ ಅಲ್ಲಿಂದ ಬೆಳಕು ಇಲ್ಲಿಗೆ ಬರಲು 25 ಲಕ್ಷ ವರ್ಷ ಬೇಕು. ಬರಿಗಣ್ಣಿಗೆ ಕಾಣುವ ಅತ್ಯಂತ ದೂರದ ವಸ್ತುಗಳಲ್ಲಿ ಇದೊಂದೆಂದು ತಿಳಿದಾಗ, ಹೊಲದಲ್ಲಿ ನಿಂತ ಮಕ್ಕಳೂ ಒಂದು ಕ್ಷಣ ಮಾತು ನಿಲ್ಲಿಸುವರು.

ಆದರೆ ಆ ಮಸುಕು ಚುಕ್ಕೆಯಲ್ಲಿ ಕಾಣುವುದು ನಕ್ಷತ್ರಗಳ ಬೆಳಕು ಮಾತ್ರ. ಅದು ನಿಂತ ಬೆಳೆ. ಆ ಬೆಳೆಗೆ ನೀರೆರೆದ ಬಾವಿ ಎಲ್ಲಿ?

ಜಲಜನಕದ ದನಿ

ನಕ್ಷತ್ರಗಳು ಹುಟ್ಟುವುದು ಅನಿಲದಿಂದ. ಆ ಅನಿಲದಲ್ಲಿ ಮುಕ್ಕಾಲು ಪಾಲು ಜಲಜನಕ. ನೀರನ್ನು ಹುಟ್ಟಿಸುವುದೆಂಬ ಅರ್ಥದ ಈ ಹೆಸರು ಇಲ್ಲಿಗೂ ಸಲ್ಲುತ್ತದೆ. ಒಂದು ಪ್ರೋಟಾನು, ಅದರ ಜೊತೆಗೊಂದು ಎಲೆಕ್ಟ್ರಾನು. ಇಷ್ಟೇ ಜಲಜನಕದ ಪರಮಾಣು. ಎಲೆಕ್ಟ್ರಾನನ್ನು ಕಳೆದುಕೊಳ್ಳದೆ ಇಡಿಯಾಗಿ ಉಳಿದಿದ್ದರೆ ಅದು ತಟಸ್ಥ ಜಲಜನಕ. ಗೆಲಕ್ಸಿಗಳಲ್ಲಿ ಇದು ತಣ್ಣಗೆ, ತೀರ ತೆಳುವಾಗಿ ಹರಡಿರುತ್ತದೆ. ಅನೇಕ ಕಡೆ ಒಂದು ಘನ ಸೆಂಟಿಮೀಟರಿಗೆ ಒಂದು ಪರಮಾಣು ಸಿಕ್ಕಿದರೆ ಹೆಚ್ಚು. ಅದು ಬೆಳಗುವುದಿಲ್ಲ, ಎಷ್ಟೇ ದೊಡ್ಡ ಗಾಜಿನ ದೂರದರ್ಶಕಕ್ಕೂ ಅದು ಕಾಣದು.

ಆದರೂ ಅದು ಮೂಕವಲ್ಲ. ಪ್ರೋಟಾನೂ ಎಲೆಕ್ಟ್ರಾನೂ ಎರಡು ಪುಟ್ಟ ಕಾಂತಗಳಂತೆ ವರ್ತಿಸುತ್ತವೆ. ಅವುಗಳ ತಿರುಗುವಿಕೆ ಒಂದೇ ದಿಕ್ಕಿನಲ್ಲಿದ್ದರೆ ಪರಮಾಣುವಿನಲ್ಲಿ ಒಂದಿಷ್ಟು ಹೆಚ್ಚಿನ ಶಕ್ತಿ ಇರುತ್ತದೆ. ಎಲೆಕ್ಟ್ರಾನು ಮಗುಚಿಕೊಂಡಾಗ ಆ ಶಕ್ತಿ 21 ಸೆಂಟಿಮೀಟರ್ ಉದ್ದದ ರೇಡಿಯೋ ಅಲೆಯಾಗಿ ಹೊರಬೀಳುತ್ತದೆ. ದನಿಯೆಂದು ಕರೆದರೂ ಇದು ಕಿವಿಗೆ ಕೇಳುವ ಶಬ್ದವಲ್ಲ. ಬೆಳಕಿನ ಜಾತಿಗೇ ಸೇರಿದ, ಸೆಕೆಂಡಿಗೆ ಸುಮಾರು 142 ಕೋಟಿ ಸಲ ಕಂಪಿಸುವ ಅಲೆ. ತನ್ನಷ್ಟಕ್ಕೆ ಬಿಟ್ಟ ಒಂದು ಪರಮಾಣು ಹೀಗೆ ಮಗುಚಲು ಸರಾಸರಿ ಒಂದು ಕೋಟಿ ವರ್ಷಕ್ಕಿಂತಲೂ ಹೆಚ್ಚು ಕಾಲ ಬೇಕು. ಇಷ್ಟು ಸೋಮಾರಿಯಾದ ಪರಮಾಣುವಿನಿಂದ ಏನು ತಿಳಿದೀತು ಎಂದು ಯಾರಾದರೂ ಕೇಳಬಹುದು. ಸೂರ್ಯನಷ್ಟು ತೂಕದ ಜಲಜನಕದಲ್ಲಿ ಪರಮಾಣುಗಳ ಸಂಖ್ಯೆ 1ರ ಮುಂದೆ 57 ಸೊನ್ನೆ ಬರೆದಷ್ಟು. ಅವುಗಳಲ್ಲಿ ಯಾವುದೋ ಒಂದು ಪಾಲು ಪ್ರತಿ ಕ್ಷಣವೂ ಮಗುಚುತ್ತಲೇ ಇರುತ್ತದೆ. ಹನಿ ಹನಿ ಕೂಡಿದರೆ ಹಳ್ಳವೆಂಬ ಗಾದೆ ಆಕಾಶದಲ್ಲಿಯೂ ನಿಜ.

ಈ ಅಲೆ ಇರಬೇಕೆಂದು 1944ರಲ್ಲಿ ಲೆಕ್ಕ ಹಾಕಿ ತೋರಿಸಿದವನು ಹಾಲೆಂಡಿನ ತರುಣ ವಿಜ್ಞಾನಿ ವಾನ್ ಡ ಹುಲ್ಸ್ಟ್. ಆಗ ಅವನ ದೇಶ ಶತ್ರುಗಳ ವಶದಲ್ಲಿತ್ತು. ಏಳು ವರ್ಷಗಳ ಬಳಿಕ, 1951ರ ಮಾರ್ಚ್ 25ರಂದು, ಅಮೆರಿಕದ ಹಾರ್ವರ್ಡಿನಲ್ಲಿ ಹೆರಾಲ್ಡ್ ಈವನ್ ಮತ್ತು ಎಡ್ವರ್ಡ್ ಪರ್ಸೆಲ್ ಆ ಅಲೆಯನ್ನು ಮೊದಲ ಬಾರಿಗೆ ಹಿಡಿದರು. ಅವರ ಉಪಕರಣ ಪ್ರಯೋಗಶಾಲೆಯ ಕಿಟಕಿಯಿಂದ ಹೊರಚಾಚಿದ, ತೆರೆದ ಬಾಯಿಯ ಒಂದು ಕಹಳೆ. ಮಳೆ ಬಂದರೆ ಅದರ ಮೂಲಕ ನೀರು ಒಳಗೇ ಇಳಿಯುತ್ತಿತ್ತು. ದಾರಿಹೋಕ ವಿದ್ಯಾರ್ಥಿಗಳು ಅದರ ಬಾಯಿಗೆ ಹಿಮದ ಉಂಡೆಗಳನ್ನು ಗುರಿಯಿಟ್ಟು ಎಸೆಯುತ್ತಿದ್ದರು! ಅಂದು ಕೇಳಿದ್ದು ನಮ್ಮ ಆಕಾಶಗಂಗೆಯ ಜಲಜನಕ. 1957ರಲ್ಲಿ ಹಾಲೆಂಡಿನ ಡ್ವಿಂಗಲೋ ದೂರದರ್ಶಕದಿಂದ ವಾನ್ ಡ ಹುಲ್ಸ್ಟ್ ಮತ್ತು ಅವನ ಸಂಗಡಿಗರು ಆಂಡ್ರೊಮೀಡಾದ ಜಲಜನಕವನ್ನೂ ಅಳೆದರು. ಕಮಲಾಪುರದ ಹೊಲದ ಮೇಲೆ ತೂಗುವ ಆ ಮಸುಕು ಚುಕ್ಕೆಯ ಬಾವಿಯೊಳಗೆ ಮನುಷ್ಯನು ಇಣುಕಿದ್ದು ಹೀಗೆ.

ಖೋಡದದ ಮೂವತ್ತು ಬಟ್ಟಲು

ಇಂದು ಇಂಥ ಅಳತೆಯ ಕೆಲಸ ನಡೆಯುವ ಜಗತ್ತಿನ ಪ್ರಮುಖ ತಾಣಗಳಲ್ಲಿ ಒಂದು ಕಲಬುರಗಿಯವರಿಗೆ ದೂರವೇನಲ್ಲ. ರಾತ್ರಿಯ ರೈಲು ಹತ್ತಿ ಸೊಲ್ಲಾಪುರದ ಮೇಲೆ ಹಾಯ್ದು ಬೆಳಗಿಗೆ ಪುಣೆಯಲ್ಲಿ ಇಳಿಯಬಹುದು. ಅಲ್ಲಿಂದ ಉತ್ತರಕ್ಕೆ ನಾಶಿಕದ ದಾರಿಯಲ್ಲಿ ಸುಮಾರು 80 ಕಿಲೋಮೀಟರು ಹೋದರೆ ನಾರಾಯಣಗಾಂವ. ಅದರ ಮಗ್ಗುಲಲ್ಲಿ ಖೋಡದವೆಂಬ ಹಳ್ಳಿ. ಹೊಲಗಳ ನಡುವೆ ಆಕಾಶಕ್ಕೆ ಬಾಯ್ದೆರೆದ ಬೃಹತ್ ಬಟ್ಟಲುಗಳು ಅಲ್ಲಿ ಕಾಣುತ್ತವೆ. ಒಂದೊಂದರ ಅಡ್ಡಗಲ 45 ಮೀಟರು. ಒಟ್ಟು 30 ಇವೆ. 14 ಒಂದೆಡೆ ಗುಂಪಾಗಿ, ಉಳಿದ 16 ಮೂರು ದಿಕ್ಕಿಗೆ ಚಾಚಿದ ತೋಳುಗಳಲ್ಲಿ. ಒಂದು ಕೊನೆಯಿಂದ ಇನ್ನೊಂದು ಕೊನೆಗೆ ಸುಮಾರು 25 ಕಿಲೋಮೀಟರು. ಇದೇ ಜೈಂಟ್ ಮೀಟರ್‌ವೇವ್ ರೇಡಿಯೋ ದೂರದರ್ಶಕ.

ಇದರ ಕರ್ತೃ ಗೋವಿಂದ ಸ್ವರೂಪರು. 1970ರಲ್ಲಿ ಉದಕಮಂಡಲದ ಗುಡ್ಡದ ಇಳಿಜಾರಿನಲ್ಲಿ 530 ಮೀಟರ್ ಉದ್ದದ ರೇಡಿಯೋ ದೂರದರ್ಶಕವನ್ನು ನಿಲ್ಲಿಸಿದವರು ಅವರೇ. ಬಟ್ಟಲನ್ನು ಗಟ್ಟಿ ತಗಡಿನಿಂದ ಮಾಡಿದರೆ ಭಾರವೂ ಹೆಚ್ಚು, ಗಾಳಿಯ ಹೊಡೆತವೂ ಹೆಚ್ಚು, ಖರ್ಚಂತೂ ಹೇಳತೀರದು. ಸ್ವರೂಪರು ತೆಳುವಾದ ಉಕ್ಕಿನ ತಂತಿಯ ಬಲೆಯನ್ನು ಹಗ್ಗಗಳಿಂದ ಬಿಗಿದು ಬಟ್ಟಲಿನ ಆಕಾರಕ್ಕೆ ತಂದರು. ಗಾಳಿ ಬಲೆಯ ಕಣ್ಣುಗಳಲ್ಲಿ ತೂರಿಹೋಗುತ್ತದೆ. ಉದ್ದನೆಯ ರೇಡಿಯೋ ಅಲೆ ಮಾತ್ರ ಗೋಡೆಗೆ ತಾಗಿದಂತೆ ಹಿಂದಕ್ಕೆ ಪುಟಿಯುತ್ತದೆ. ಹೀಗೆ ಪುಟಿದ 21 ಸೆಂಟಿಮೀಟರಿನ ಅಲೆಯನ್ನು ಹಿಡಿಯುವ ಗ್ರಾಹಕಗಳು ತಯಾರಾದುದು ನಮ್ಮ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯಲ್ಲಿ. ಗೋವಿಂದ ಸ್ವರೂಪರು 2020ರಲ್ಲಿ ತೀರಿಕೊಂಡರು. ಖೋಡದದ ಬಟ್ಟಲುಗಳು ಆ ರಾತ್ರಿಯೂ ಆಕಾಶದತ್ತ ತಿರುಗಿಯೇ ಇದ್ದವು. ಫಿರೋಜನ ಘಟ್ಟದ ಮೇಲೆ ನಡೆಯದೆ ಹೋದದ್ದು ಇಲ್ಲಿ ನಡೆಯಿತು: ಒಬ್ಬರ ಕೆಲಸವನ್ನು ಮುಂದುವರಿಸುವ ಶಿಷ್ಯಪರಂಪರೆ ಬೆಳೆದಿತ್ತು.

ಅಳೆಯುವ ಬಗೆ ಹೇಗೆ? ಬಟ್ಟಲುಗಳೆಲ್ಲ ಒಂದೇ ಗೆಲಕ್ಸಿಯತ್ತ ಮುಖಮಾಡಿ ಗಂಟೆಗಟ್ಟಲೆ ಅದನ್ನು ಹಿಂಬಾಲಿಸುತ್ತವೆ. ಪ್ರತಿಯೊಂದಕ್ಕೂ ಬಿದ್ದ ಅಲೆಯನ್ನು ಗಾಜಿನ ಎಳೆಗಳು ನಡುವಿನ ಕಟ್ಟಡಕ್ಕೆ ಒಯ್ಯುತ್ತವೆ. ಅಲ್ಲಿ ಎರಡೆರಡು ಬಟ್ಟಲುಗಳ ಅಲೆಗಳನ್ನು ಕೂಡಿಸಿ ಹೋಲಿಸುತ್ತಾರೆ. ಭೂಮಿ ತಿರುಗಿದಂತೆ ಬಟ್ಟಲುಗಳ ಕೋನವೂ ಬದಲಾಗುತ್ತ, ಹಲವು ಗಂಟೆಗಳಲ್ಲಿ 25 ಕಿಲೋಮೀಟರಿನ ಒಂದೇ ದೊಡ್ಡ ದೂರದರ್ಶಕಕ್ಕೆ ಸಮನಾದ ಸೂಕ್ಷ್ಮತೆ ಒದಗುತ್ತದೆ. ಗ್ರಾಹಕವು ಅಲೆಯನ್ನು ಅತಿ ಸಣ್ಣ ಸಣ್ಣ ಕಾಲುವೆಗಳಾಗಿ ವಿಂಗಡಿಸುತ್ತದೆ. ನಮ್ಮತ್ತ ಬರುತ್ತಿರುವ ಅನಿಲದ ಅಲೆ ತುಸು ಕುಗ್ಗಿ, ದೂರ ಸರಿಯುತ್ತಿರುವುದರ ಅಲೆ ತುಸು ಹಿಗ್ಗಿ, ಬೇರೆ ಬೇರೆ ಕಾಲುವೆಗಳಲ್ಲಿ ಬೀಳುತ್ತವೆ. ಆಂಡ್ರೊಮೀಡಾ ಸೆಕೆಂಡಿಗೆ ಸುಮಾರು 300 ಕಿಲೋಮೀಟರ್ ವೇಗದಲ್ಲಿ ನಮ್ಮತ್ತ ಬರುತ್ತಿದೆ; ಆದುದರಿಂದ ಅದರ ಅಲೆಯಲ್ಲಿ ಸಾವಿರಕ್ಕೊಂದು ಪಾಲಿನ ವ್ಯತ್ಯಾಸ.

ಎಲ್ಲ ಕಾಲುವೆಗಳಲ್ಲಿ ಬಿದ್ದುದನ್ನು ಕೂಡಿಸಿ ದೂರದ ವರ್ಗದಿಂದ ಗುಣಿಸಿದರೆ ಜಲಜನಕದ ಒಟ್ಟು ತೂಕ ದೊರೆಯುತ್ತದೆ. ಲೆಕ್ಕ ಸರಳ, ಎಚ್ಚರ ಮಾತ್ರ ಬಹಳ ಬೇಕು. ದೂರದಲ್ಲಿ ನೂರಕ್ಕೆ ಹತ್ತರಷ್ಟು ತಪ್ಪಿದರೆ ತೂಕದಲ್ಲಿ ಇಪ್ಪತ್ತರಷ್ಟು ತಪ್ಪುತ್ತದೆ. ಅನಿಲ ದಟ್ಟವಾಗಿರುವಲ್ಲಿ ಹಿಂದಿನಿಂದ ಬಂದ ಅಲೆಯನ್ನು ಮುಂದಿನ ಅನಿಲ ಹೀರಿಕೊಂಡು ಲೆಕ್ಕ ಕಡಿಮೆ ಬೀಳುವುದೂ ಉಂಟು.

ಬಾವಿಯ ಲೆಕ್ಕ

ಹೀಗೆ ಅಳೆದಾಗ ನೆರೆಯ ಲೋಕಗಳು ಹೇಳಿದ ಕಥೆ ಕಣ್ಣು ಹೇಳಿದ ಕಥೆಗಿಂತ ಬೇರೆಯಾಗಿತ್ತು. ಆಂಡ್ರೊಮೀಡಾದಲ್ಲಿ ನೂರಾರು ಕೋಟಿ ಸೂರ್ಯರ ತೂಕದ ಜಲಜನಕವಿದೆ. ಅದರ ಪಕ್ಕದಲ್ಲಿಯೇ ಇರುವ ಎಂ 32 ಎಂಬ ಪುಟ್ಟ ಸಂಗಾತಿಯಲ್ಲಿ ಹುಡುಕಿದರೂ ಸಿಕ್ಕಿಲ್ಲ. ನಕ್ಷತ್ರಗಳು ಎರಡರಲ್ಲಿಯೂ ಬೆಳಗುತ್ತಿವೆ. ಆದರೆ ಒಂದು ತೋಟದ ಬಾವಿಯಲ್ಲಿ ನೀರಿದೆ, ಇನ್ನೊಂದರ ಬಾವಿ ಬತ್ತಿದೆ.

ಇದಕ್ಕೆ ತದ್ವಿರುದ್ಧವಾದುದೂ ಉಂಟು. ಅಮಾವಾಸ್ಯೆಯ ನಡುರಾತ್ರಿಯ ಹೊತ್ತಿಗೆ ಕಮಲಾಪುರದ ಈಶಾನ್ಯದಲ್ಲಿ ಸಪ್ತರ್ಷಿಮಂಡಲ ಮೇಲೇರುತ್ತಿರುತ್ತದೆ. ಆ ದಿಕ್ಕಿನಲ್ಲಿ, ಸುಮಾರು ಒಂದು ಕೋಟಿ ಜ್ಯೋತಿರ್ವರ್ಷ ದೂರದಲ್ಲಿ, ಎನ್‌ಜಿಸಿ 3741 ಎಂಬ ಕುಬ್ಜ ಗೆಲಕ್ಸಿಯಿದೆ. ಬರಿಗಣ್ಣಿಗೆ ಕಾಣದ ಬಡಪಾಯಿ ಅದು. 2005ರಲ್ಲಿ ಆಯೆಷಾ ಬೇಗಂ, ಜಯರಾಮ್ ಚೆಂಗಲೂರ್ ಮತ್ತು ರಷ್ಯದ ಇಗೋರ್ ಕರಚೆಂತ್ಸೆವ್ ಖೋಡದದ ದೂರದರ್ಶಕವನ್ನು ಅದರತ್ತ ತಿರುಗಿಸಿದಾಗ, ಅದರ ಜಲಜನಕವು ನಕ್ಷತ್ರಗಳ ಹರವಿಗಿಂತ ಎಂಟು ಪಟ್ಟಿಗೂ ಮೀರಿ ಚಾಚಿರುವುದು ಕಂಡುಬಂದಿತು. ಅನಿಲದ ತೂಕ ನಕ್ಷತ್ರಗಳ ತೂಕದ ಹಲವು ಪಟ್ಟು. ಬಾವಿ ತುಂಬಿ ತುಳುಕುತ್ತಿದೆ, ಹೊಲದಲ್ಲಿ ಮಾತ್ರ ಬೆಳೆ ವಿರಳ! ಅನಿಲ ತೀರ ತೆಳುವಾಗಿ ಹರಡಿಕೊಂಡರೆ ಅದು ಒಟ್ಟುಗೂಡಿ ನಕ್ಷತ್ರವಾಗುವುದಿಲ್ಲ. ನೀರಿದ್ದರೆ ಸಾಲದು, ಅದು ಬುಡಕ್ಕೆ ಸೇರಬೇಕು ಎಂಬುದು ರೈತನಿಗೆ ಗೊತ್ತಿದ್ದ ಮಾತೇ. ಇಂಥ 65 ಕುಬ್ಜ ಗೆಲಕ್ಸಿಗಳ ಜಲಜನಕವನ್ನು ಅಳೆದ ಸಮೀಕ್ಷೆಯನ್ನು ಅದೇ ತಂಡ 2008ರಲ್ಲಿ ಪ್ರಕಟಿಸಿತು.

ಅಷ್ಟು ದೂರದ ಅಂಚಿನಲ್ಲಿರುವ ಅನಿಲವೂ ಗೆಲಕ್ಸಿಯ ಸುತ್ತ ವೇಗವಾಗಿ ತಿರುಗುತ್ತಿರುತ್ತದೆ. ನಕ್ಷತ್ರಗಳ ತೂಕವನ್ನೂ ಅನಿಲದ ತೂಕವನ್ನೂ ಕೂಡಿಸಿದರೂ ಆ ವೇಗದ ಅನಿಲವನ್ನು ಹಿಡಿದಿಡಲು ಸಾಲದು. ಕಾಣದ ಬೇರೊಂದು ದ್ರವ್ಯ ಅಲ್ಲಿರಬೇಕೆಂಬ ತೀರ್ಮಾನಕ್ಕೆ ವಿಜ್ಞಾನಿಗಳು ಬರಲು ಜಲಜನಕದ ಈ ಅಳತೆಗಳೂ ಮುಖ್ಯ ಕಾರಣ. ಸಪ್ತರ್ಷಿಮಂಡಲದ ದಿಕ್ಕಿನಲ್ಲಿಯೇ ಇರುವ ಎಂ 81, ಎಂ 82 ಮತ್ತು ಎನ್‌ಜಿಸಿ 3077 ಎಂಬ ಮೂರು ಗೆಲಕ್ಸಿಗಳ ಕಥೆ ಇನ್ನೂ ಸ್ವಾರಸ್ಯವಾದುದು. ಛಾಯಾಚಿತ್ರದಲ್ಲಿ ಅವು ಒಂದಕ್ಕೊಂದು ಸಂಬಂಧವಿಲ್ಲದಂತೆ ದೂರ ದೂರ ಕುಳಿತಿವೆ. 1994ರಲ್ಲಿ ಪ್ರಕಟವಾದ ಜಲಜನಕದ ನಕ್ಷೆಯಲ್ಲಿ ಮೂರರ ನಡುವೆಯೂ ಅನಿಲದ ಉದ್ದನೆಯ ಸೇತುವೆಗಳು ಕಂಡವು. ಹಿಂದೆಂದೋ ಅವು ಹತ್ತಿರ ಬಂದು ಒಂದರ ಅನಿಲವನ್ನು ಇನ್ನೊಂದು ಸೆಳೆದಾಡಿದ ಗುರುತು ಅದು.

ನಮ್ಮ ಬಾವಿಯ ಗತಿಯೇನು? ಆಕಾಶಗಂಗೆಯಲ್ಲಿ ವರ್ಷಕ್ಕೆ ಒಂದೆರಡು ಸೂರ್ಯರ ತೂಕದಷ್ಟು ಅನಿಲ ಹೊಸ ನಕ್ಷತ್ರಗಳಾಗುತ್ತಿದೆ. ಹೊರಗಿನಿಂದ ಒರತೆ ಬಾರದಿದ್ದರೆ ಇರುವ ಅನಿಲ ಕೆಲವು ನೂರು ಕೋಟಿ ವರ್ಷಗಳಲ್ಲಿ ಮುಗಿಯಬೇಕು. ಇದು ಬರಿಯ ಊಹೆಯಲ್ಲ. ಪುಣೆಯ ಆದಿತ್ಯ ಚೌಧುರಿ, ನಿಸ್ಸಿಮ್ ಕಣೇಕರ್, ಜಯರಾಮ್ ಚೆಂಗಲೂರ್ ಹಾಗೂ ಬೆಂಗಳೂರಿನ ರಾಮನ್ ಸಂಸ್ಥೆಯ ಶಿವ ಸೇಠಿ, ಕೆ. ಎಸ್. ದ್ವಾರಕಾನಾಥ್ 2020ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಇದಕ್ಕೆ ಸಾಕ್ಷಿ. ಸುಮಾರು 800 ಕೋಟಿ ವರ್ಷಗಳ ಹಿಂದಿನ 7,653 ಗೆಲಕ್ಸಿಗಳ ಅಲೆಗಳನ್ನು ಅವರು ಖೋಡದದಲ್ಲಿ ಒಟ್ಟುಗೂಡಿಸಿದರು. ಬಿಡಿಬಿಡಿಯಾಗಿ ಕೇಳಿಸದ ದನಿ ಒಟ್ಟಾಗಿ ಕೇಳಿಸಿತು. ಆ ಗೆಲಕ್ಸಿಗಳು ಆಗ ನಕ್ಷತ್ರಗಳನ್ನು ಬೆಳೆಯುತ್ತಿದ್ದ ಭರಾಟೆಗೆ ಅವುಗಳಲ್ಲಿದ್ದ ಜಲಜನಕ 100ರಿಂದ 200 ಕೋಟಿ ವರ್ಷಕ್ಕೆ ಮಾತ್ರ ಸಾಕಾಗುವಷ್ಟಿತ್ತು. ಅಂದಿನಿಂದ ವಿಶ್ವದಲ್ಲಿ ನಕ್ಷತ್ರಗಳ ಹುಟ್ಟು ಇಳಿಮುಖವಾದುದೇಕೆ ಎಂಬ ಹಳೆಯ ಪ್ರಶ್ನೆಗೆ ಇದು ಉತ್ತರ ಕೊಟ್ಟಿತು: ಸೇದುವವರು ಹೆಚ್ಚು, ಒರತೆ ಕಡಿಮೆ.

ಮೌನವೂ ಬೇಕು

ಈ ಅಳತೆಗಳೆಲ್ಲ ಒಂದು ವಸ್ತುವನ್ನು ನಂಬಿ ನಿಂತಿವೆ, ಅದು ಮೌನ. ಚಂದ್ರನ ಮೇಲೆ ಒಂದು ಮೊಬೈಲ್ ಫೋನನ್ನು ಇಟ್ಟು ಮಾತಾಡಿಸಿದರೆ ಅದರ ಅಲೆ ಎನ್‌ಜಿಸಿ 3741ರ ಅಲೆಗಿಂತ ಎಷ್ಟೋ ಪಾಲು ಜೋರಾಗಿ ಇಲ್ಲಿಗೆ ಮುಟ್ಟೀತು. ಹಾಗಿರುವಾಗ ಪಕ್ಕದ ಊರಿನ ಯಂತ್ರಗಳ, ತಲೆಯ ಮೇಲೆ ಹಾಯುವ ಉಪಗ್ರಹಗಳ ಗದ್ದಲದ ಮಾತೇನು? ಗುಡ್ಡಗಳ ಮರೆಯಿರುವ, ರೇಡಿಯೋ ಗದ್ದಲ ಕಡಿಮೆಯಿದ್ದ ಜಾಗವೆಂದೇ ಖೋಡದವನ್ನು ಆರಿಸಿದ್ದು. ಜಲಜನಕದ ಅಲೆಗೆಂದು 1400ರಿಂದ 1427 ಮೆಗಾಹರ್ಟ್ಸ್‌ವರೆಗಿನ ಪಟ್ಟಿಯಲ್ಲಿ ಯಾರೂ ಪ್ರಸಾರ ಮಾಡಬಾರದೆಂದು ಅಂತರರಾಷ್ಟ್ರೀಯ ನಿಯಮವೇ ಇದೆ. ಊರೂರಿಗೆ ಗೋಮಾಳ ಬಿಟ್ಟಂತೆ ಇದು ಆಕಾಶಕ್ಕೆ ಬಿಟ್ಟ ಗೋಮಾಳ. ಆದರೆ ದೂರದ ಗೆಲಕ್ಸಿಗಳ ಅಲೆ ಹಿಗ್ಗಿ ಈ ಎಲ್ಲೆಯ ಹೊರಗೆ ಬೀಳುತ್ತದೆ. ಅಲ್ಲಿ ರಕ್ಷಣೆ ಕಡಿಮೆ. ವಿಶ್ವದ ಮೊದಲ ನಕ್ಷತ್ರಗಳ ಕಾಲದ ಜಲಜನಕವನ್ನು ಅರಸುತ್ತ ರಾಮನ್ ಸಂಸ್ಥೆಯವರು 2020ರಲ್ಲಿ ತಮ್ಮ ‘ಸರಸ್’ ಉಪಕರಣವನ್ನು ದಂಡಿಗಾನಹಳ್ಳಿಯ ಕೆರೆಯ ಮೇಲೂ ಶರಾವತಿಯ ಹಿನ್ನೀರಿನ ಮೇಲೂ ತೇಲಿಬಿಟ್ಟು ಕಾದರು. ಉಪಕರಣದ ಕೆಳಗೆ ಸಮನಾದ ನೀರು, ಸುತ್ತಲೂ ನಿಶ್ಶಬ್ದ ಬೇಕಾಗಿತ್ತು. ಕೇಳಲು ಬಯಸುವವನು ಮೊದಲು ಗದ್ದಲವಿಲ್ಲದ ಜಾಗವನ್ನು ಹುಡುಕಬೇಕಾದ ಕಾಲವಿದು.

ಕತ್ತಲೆಯ ಪಾಡೂ ಇದೇ. ಕಮಲಾಪುರ ಈಗ ತಾಲೂಕು ಕೇಂದ್ರ. ದೀಪಗಳು ಹೆಚ್ಚುವುದು ಸಹಜ, ಬೇಕಾದುದೂ ಹೌದು. ದೀಪದ ಬೆಳಕನ್ನು ನೆಲಕ್ಕೆ ಬೀಳುವಂತೆ ಮುಚ್ಚಿಟ್ಟರೆ ದಾರಿಯೂ ಕಾಣುತ್ತದೆ, ಆಕಾಶವೂ ಉಳಿಯುತ್ತದೆ. ಕಲಬುರಗಿಯಲ್ಲಿ 1984ರಿಂದ ಜಿಲ್ಲಾ ವಿಜ್ಞಾನ ಕೇಂದ್ರವಿದೆ. ಮಕ್ಕಳನ್ನು ಅಲ್ಲಿಗೆ ಕರೆದೊಯ್ಯುವ ತಂದೆತಾಯಿಗಳು ಎಳ್ಳ ಅಮಾವಾಸ್ಯೆಯಂದು ಇನ್ನೆರಡು ಗಂಟೆ ಹೊಲದಲ್ಲಿ ಉಳಿದರೆ ಆ ಪಾಠದ ಉಳಿದರ್ಧ ಅಲ್ಲಿಯೇ ದೊರೆಯುತ್ತದೆ.

ರಾತ್ರಿ ಒಂಬತ್ತರ ಹೊತ್ತಿಗೆ ಚಳಿ ಏರುತ್ತದೆ. ಬುತ್ತಿಯ ಗಂಟುಗಳು ಖಾಲಿಯಾಗಿ, ಮಕ್ಕಳು ದೊಡ್ಡವರ ಹೆಗಲಿಗೆ ಒರಗಿ, ವಾಹನಗಳು ಕೆಮ್ಮಣ್ಣಿನಿಂದ ಕರಿಮಣ್ಣಿಗೆ, ಕರಿಮಣ್ಣಿನಿಂದ ಪಟ್ಟಣದ ಡಾಂಬರಿಗೆ ಇಳಿಯುತ್ತವೆ. ಊರು ಹತ್ತಿರವಾದಂತೆ ಆಂಡ್ರೊಮೀಡಾ ಮೊದಲು ಮಾಸುತ್ತದೆ, ಆಮೇಲೆ ಚಿಕ್ಕ ನಕ್ಷತ್ರಗಳು, ಕೊನೆಗೆ ಉಳಿಯುವುದು ಬೆರಳೆಣಿಕೆಯಷ್ಟು. ಹಫ್ತ ಗುಂಬಜಿನ ಗುಮ್ಮಟಗಳು ಕತ್ತಲಲ್ಲಿ ಸುಮ್ಮನೆ ನಿಂತಿರುತ್ತವೆ. ಹಿಂದೆ, ಕಮಲಾಪುರದ ತೋಟದಲ್ಲಿ, ಮುದುಕನು ಮರುದಿನ ಬೆಳಿಗ್ಗೆ ಎದ್ದು ಮೊದಲು ನೋಡುವುದು ಬಾಳೆಯ ಗೊನೆಯನ್ನಲ್ಲ, ಬಾವಿಯನ್ನು.